ಹದಿನೆಂಟು ನಿಮಿಷದ ಕೋಟಿಂಗ್

"ಇದೂ ಹದಿನೆಂಟೇ ನಿಮಿಷ!" ರೇಣುಕಾ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆದಳು. "ಕೋಟಿಂಗ್ ಇಲ್ದಿರೋ ಟಿಪ್ಪೇ ಇಪ್ಪತ್ತು ನಿಮಿಷ ತಡೀತಲ್ರೀ ದುರ್ಗೇಶ್?"

ದುರ್ಗೇಶ್ ತಲೆ ಎತ್ತದೆ ಲೇತ್ ಒರೆಸುತ್ತಿದ್ದ. ಅವನು ಚಿತ್ರದುರ್ಗದ ಇಂಜಿನಿಯರಿಂಗ್ ಕಾಲೇಜೊಂದರ ವರ್ಕ್‌ಶಾಪ್ ಇನ್‌ಸ್ಟ್ರಕ್ಟರ್. ಅವಳು ಶ್ರೀರಾಂಪುರದವಳು, ಎಂ.ಟೆಕ್. ವಿದ್ಯಾರ್ಥಿನಿ. ಉಕ್ಕು ಕತ್ತರಿಸುವ ಟಿಪ್‌ಗೆ ತೆಳ್ಳಗೆ ಕೋಟಿಂಗ್ ಕೊಟ್ಟರೆ ಸವೆತ ಎಷ್ಟು ತಗ್ಗುತ್ತದೆ ಎಂಬುದು ಅವಳ ಪ್ರಾಜೆಕ್ಟ್.

ಹೊಂಬಣ್ಣದ ಆ ಪುಟ್ಟ ಟಿಪ್ಪನ್ನು ಅವಳು ಕಿಟಕಿಯ ಬೆಳಕಿಗೆ ಹಿಡಿದಾಗ ಹೊಳಪು ಅವಳ ಕೆನ್ನೆಗೆ ತಾಗುತ್ತಿತ್ತು. ಅದನ್ನು ನೋಡಲೆಂದೇ ಅವನು ಒಂದು ಗಂಟೆ ಮೊದಲೇ ಬರುತ್ತಿದ್ದ.

ಟೆಸ್ಟ್ ಸರಿಯಾಗಿ ನಡೆದಿದ್ದರೆ ವಾರದಲ್ಲಿ ಮುಗಿಯುತ್ತಿತ್ತು. ಆಮೇಲೆ ಅವಳು ಬರುತ್ತಿರಲಿಲ್ಲ. ಅದಕ್ಕೇ, ಅವಳು ಟೀಗೆ ಹೋದಾಗಲೆಲ್ಲ ಅವನು ಲೇತಿನ ವೇಗ ಏರಿಸಿದ್ದ. ಕಾವಿಗೆ ಕೋಟಿಂಗ್ ಕಿತ್ತುಹೋಗಿ ಅಂಚು ಸವೆದಿತ್ತು.

"ಹಿರಿಯೂರಿನ ಕೋಟಿಂಗ್ ಅಂಗಡಿ ಜಂಪಣ್ಣೋರು ಪುಕ್ಕಟೆ ಕೋಟಿಂಗ್ ಮಾಡಿಕೊಟ್ಟಿದ್ರು," ಅಂದಳು ರೇಣುಕಾ. "ನಿನ್ನೆ ಫೋನ್ ಮಾಡಿ ನಿಮ್ಮ ಕೆಲಸ ಸರಿ ಇಲ್ಲ ಅಂತ ಬೈದೆ. ಪಾಪ, 'ತಪ್ಪಾತು ಕಣವ್ವ, ಇನ್ನೊಂದ್ಸಲ ಮಾಡಿಕೊಡ್ತೀನಿ' ಅಂದ್ರು."

ದುರ್ಗೇಶ್ ಒರೆಸುವ ಬಟ್ಟೆ ಕೆಳಗಿಟ್ಟ. "ಅವರ ತಪ್ಪಲ್ರೀ. ನಾನೇ ಸ್ಪೀಡ್ ಏರಿಸಿದ್ದೆ. ಮೂರು ಸಲಾನೂ."

"ಯಾಕೆ?"

"ಟೆಸ್ಟ್ ಮುಗುದ್ರೆ ನೀವು ಬರಲ್ವಲ್ಲ ಅಂತ."

ಅವಳ ಮುಖ ಬಿಳಿಚಿತು. ಬ್ಯಾಗ್ ಎತ್ತಿಕೊಂಡು ಹೊರಟುಹೋದಳು.

ಮರುದಿನವೇ ದುರ್ಗೇಶ್ ಹಿರಿಯೂರಿನ ಬಸ್ಸು ಹತ್ತಿದ. ಎಲ್ಲ ಕೇಳಿದ ಜಂಪಣ್ಣ ಬೈಯಲಿಲ್ಲ, ನಗಲೂ ಇಲ್ಲ. ಹೊಸ ಟಿಪ್‌ಗಳನ್ನು ಕಾಗದದಲ್ಲಿ ಸುತ್ತಿ ಕೊಟ್ಟು, "ಫೋನಿನಾಗೆ ಆ ಹುಡ್ಗಿ ಅಳ್ತಿತ್ತಪ್ಪ," ಅಂದ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ದುರ್ಗೇಶನಿಗೆ.

ಐದನೇ ದಿನ ರೇಣುಕಾ ಬಂದಳು. ಲೇತಿನ ಪಕ್ಕ ಸ್ಟೂಲ್ ಎಳೆದುಕೊಂಡು ಕೂತವಳು ಟೀಗೂ ಏಳಲಿಲ್ಲ. ಹೊಸ ಟಿಪ್ ನಲವತ್ತೊಂದು ನಿಮಿಷ ತಡೆಯಿತು.

"ಹಳೇ ಮೂರೂ ರಿಸಲ್ಟ್ ಹೊಡೆದು ಹಾಕೀನಿ," ಅಂದಳು. "ಯಾಕೆ ಅಂತ ಗೈಡಿಗೂ ಹೇಳೀನಿ."

"ಒಳ್ಳೇದು ಮಾಡಿದ್ರಿ. ಕೆಲಸ ಹೋದ್ರೂ ಸರಿ."

"ಹೋಗಲ್ಲ. ಕರೆದು ಬೈತಾರೆ, ಬೈಸ್ಕಳ್ರಿ." ಆ ದಿನ ಮೊದಲ ಸಲ ಅವಳು ಅವನ ಕಣ್ಣು ನೋಡಿದಳು. "ಬಾಯ್ಬಿಟ್ಟು ಬರ್ರಿ ಅಂದಿದ್ರೆ ನಾನೇ ಬರ್ತಿದ್ನಲ್ಲ ದುರ್ಗೇಶ್..."

ಅವನ ಕಣ್ಣು ತುಂಬಿತು. "ನಾಳೆ ಟೆಸ್ಟ್ ಇಲ್ಲ. ಬರ್ತೀರಾ?"

"ನಂಗೆ ಇನ್ನೂ ಸಿಟ್ಟೈತೆ." ಅವಳು ಬಾಗಿಲವರೆಗೆ ಹೋಗಿ ತಿರುಗಿದಳು. "ಸಿಟ್ಟಿನಾಗೇ ಬರ್ತೀನಿ. ಹೆಂಗೆ ಇಳಿಸ್ತೀರೋ ನೋಡಾಣ."