ಛಾಯಾಶಿಬಿರದ ರೊಟ್ಟಿ

ಗುಂಡಿ ಒತ್ತಿದ ಮೂರನೆಯ ಕ್ಷಣಕ್ಕೆ ಖಾಲಿ ಸಭಾಂಗಣದೊಳಗೆ ಹೊಳೆ ನುಗ್ಗಿತು. ಮೊಣಕಾಲುದ್ದ ಕೆಸರುನೀರು, ನಡುವೆ ದಿಬ್ಬದ ಮೇಲೊಂದು ಶಾಲೆ, ಶಾಲೆಯ ತುಂಬ ಆರುನೂರು ಜನ. ಮಕ್ಕಳ ಅಳು, ಒದ್ದೆ ಕಂಬಳಿಯ ವಾಸನೆ, ಯಾರದೋ ಬಿಡದ ಕೆಮ್ಮು. ಶ್ರೇಯಾಂಸ ಉಪಾಧ್ಯೆ ಕೈಯಲ್ಲಿ ಹೆಸರು ಬರೆಯುವ ಪಟ್ಟಿ ಹಿಡಿದು ಅವರ ಎದುರು ನಿಂತಿದ್ದ.

ನಿಜಕ್ಕೂ ಅಲ್ಲಿ ಹೊಳೆಯೂ ಇರಲಿಲ್ಲ, ಜನರೂ ಇರಲಿಲ್ಲ. ಅದು ಧಾರವಾಡದ ಹೊರಗಿನ ತರಬೇತಿ ಸಂಸ್ಥೆಯೊಂದರ ಆಪತ್ತುಶಾಲೆ. ಪ್ರವಾಹ, ಭೂಕಂಪ, ಯುದ್ಧ ನಡೆದ ಕಡೆ ನೆರವಿಗೆ ಹೋಗುವ ಸ್ನಾತಕೋತ್ತರ ವಿದ್ಯಾರ್ಥಿಗಳು ತಮ್ಮ ಮೊದಲ ತಪ್ಪುಗಳನ್ನು ನೊಂದವರ ಮೇಲೆ ಮಾಡಬಾರದು, ಯಂತ್ರದ ಮೇಲೆ ಮಾಡಲಿ ಎಂದು ವಿಜ್ಞಾನಿ ಡಾ. ವಾಮನ ಗಲಗಲಿ ಅದನ್ನು ಕಟ್ಟಿದ್ದರು. ಬೆಳಕಿನಿಂದ ಮೂಡುವ ಆ ಮನುಷ್ಯರಿಗೆ ಅವರು ಛಾಯಾಜನ ಎಂದು ಹೆಸರಿಟ್ಟಿದ್ದರು. ನಿಜವಾದ ಪ್ರವಾಹದಲ್ಲಿ ಬದುಕುಳಿದ ಹನ್ನೆರಡು ಜನರ ಹೇಳಿಕೆಗಳೇ ಛಾಯಾಜನರ ನೆನಪು. ಜೊತೆಗೆ ಅವರು ಪ್ರತಿ ಪರೀಕ್ಷೆಯಿಂದಲೂ ಒಂದಿಷ್ಟು ಕಲಿಯುತ್ತಿದ್ದರು. ಪರೀಕ್ಷೆ ದಿನದಿನಕ್ಕೆ ಕಠಿಣವಾಗಲಿ ಎಂಬುದು ಗಲಗಲಿಯವರ ಲೆಕ್ಕಾಚಾರ.

ಜನರ ಹೆಸರು ಬರೆದುಕೊಂಡು ನೀರು, ಔಷಧ ಹಂಚುವ ಆ ಪರೀಕ್ಷೆ ಶ್ರೇಯಾಂಸನಿಗೆ ಮೊದಲೇ ಸಾಕಷ್ಟು ಕಠಿಣವಾಗಿತ್ತು. ಮೊದಲ ಸಲ ಅರ್ಧ ಗಂಟೆಯಲ್ಲಿ ದಿಕ್ಕು ತೋಚದೆ ಹೊರಗೆ ಓಡಿಬಂದಿದ್ದ. ಎರಡನೆಯ ಸಲ ಸಾಲು ಮುರಿದ ಮುದುಕನೊಬ್ಬನಿಗೆ ಗದರಿದ್ದಕ್ಕೆ ಇಡೀ ಶಿಬಿರ ಅವನ ಮೇಲೆ ತಿರುಗಿಬಿದ್ದಿತ್ತು. ಇದು ಮೂರನೆಯದು, ಕೊನೆಯದು. ಇನ್ನು ಹದಿನೈದು ದಿನಕ್ಕೆ ಪೂರ್ವ ಕರಾವಳಿಯ ನೆರೆಪೀಡಿತ ಊರುಗಳಿಗೆ ತಂಡ ಹೊರಡಲಿತ್ತು. ಇದರಲ್ಲಿ ನಪಾಸಾದರೆ ಜೀವಮಾನವಿಡೀ ಕಚೇರಿಯಲ್ಲಿ ಕೂತು ಇನ್ನೊಬ್ಬರು ಕಳಿಸಿದ ವರದಿ ತಿದ್ದುವುದೇ ಗತಿ. ಅದಕ್ಕಿಂತ ಹೆಚ್ಚಾಗಿ, ತಾನು ಈ ಕೆಲಸಕ್ಕೆ ಲಾಯಕ್ಕೇ ಅಲ್ಲವೇನೋ ಎಂಬ ಅಳುಕು ಅವನನ್ನು ತಿನ್ನುತ್ತಿತ್ತು.

ಆದರೆ ಆ ದಿನ ಯಾರೂ ಅವನ ಮೇಲೆ ಮುಗಿಬೀಳಲಿಲ್ಲ. ಇಳಕಲ್ ಸೀರೆಯ ಮುದುಕಿಯೊಬ್ಬಳು ಗುಂಪಿನಿಂದ ಎದ್ದು ಬಂದು ಅವನ ಮುಖ ನೋಡಿದಳು.

"ಕೂಡ್ರಪಾ ತಮ್ಮಾ. ಮುಂಜಾನಿಂದ ಏನರ ತಿಂದೀಯೇನು?" ಎಂದು ಅರ್ಧ ರೊಟ್ಟಿ ಚಾಚಿದಳು. "ಇದನ್ನ ತಿನ್ನು, ಆಮ್ಯಾಲ ಬರಕೊಳ್ಳುವಿಯಂತ."

ನೊಂದವರಿಂದ ಏನನ್ನೂ ತೆಗೆದುಕೊಳ್ಳಬಾರದು ಎಂಬುದು ಪರೀಕ್ಷೆಯ ನಿಯಮ. ಶ್ರೇಯಾಂಸನಿಗೆ ಅದು ನೆನಪಿತ್ತು, ಆದರೆ ಆ ಮುಖಕ್ಕೆ ಬೇಡ ಎನ್ನಲು ಬಾಯಿ ಬರಲಿಲ್ಲ. ಬೆಳಕಿನ ರೊಟ್ಟಿಯನ್ನು ತೆಗೆದುಕೊಂಡು ತಿಂದವನಂತೆ ಬಾಯಾಡಿಸಿದ. ಅಷ್ಟರಲ್ಲಿ ಛಾಯಾಜನರು ತಾವಾಗಿಯೇ ಸಾಲು ಕಟ್ಟಿದ್ದರು. ಜ್ವರ ಬಂದವರನ್ನು ಬೇರೆ ಕೋಣೆಗೆ ಸಾಗಿಸಿದ್ದರು. ಅವನ ಪಾಲಿಗೆ ಉಳಿದದ್ದು ಹೆಸರು ಬರೆದುಕೊಳ್ಳುವುದಷ್ಟೆ. ಪರದೆಯ ಮೇಲೆ ತೊಂಬತ್ತಾರು ಅಂಕ ಮೂಡಿತು. ನಿಯಮ ಮುರಿದದ್ದಕ್ಕೆ ಯಂತ್ರ ನಾಲ್ಕು ಕಳೆದಿತ್ತು.

ಅವನ ಖುಷಿ ಗಲಗಲಿಯವರ ಕೋಣೆಯ ತನಕ ಮಾತ್ರ ಬಾಳಿತು.

"ಮೂರು ವಾರದಿಂದ ಎಲ್ಲಾರಿಗೂ ತೊಂಬತ್ತರ ಮ್ಯಾಲೆ ಬರಾಕ ಹತ್ತೇದ," ಎಂದು ಅವರು ಹಣೆ ಒತ್ತಿಕೊಂಡರು. "ಯಂತ್ರ ಕೆಟ್ಟೇದ. ಈ ಫಲಿತಾಂಶ ಎಲ್ಲಾ ರದ್ದು. ಛಾಯಾಜನರು ಕಲಿತದ್ದನ್ನ ಅಳಿಸಿ, ನಾಳೆ ಮುಂಜಾನೆ ಹಳೇ ನೆನಪಿನ ಮ್ಯಾಲೆ ಮತ್ತ ಪರೀಕ್ಷೆ. ಮೊದಲು ನಿನ್ನಿಂದ."

ಹಳೆಯ ಛಾಯಾಜನ ಎಂದರೆ ಶ್ರೇಯಾಂಸನನ್ನು ಎರಡು ಸಲ ಓಡಿಸಿದವರೇ. ಗಲಗಲಿಯವರು ಯಂತ್ರ ತಾನೇ ಬರೆದಿಡುವ ದಿನಚರಿ ತೆರೆದು ಗಟ್ಟಿಯಾಗಿ ಓದುತ್ತಾ ಹೋದರು, ಓದುತ್ತಾ ಹೋದಂತೆ ಅವರ ಸಿಟ್ಟು ಇಳಿಯುತ್ತಾ ಹೋಯಿತು. ಆದಷ್ಟು ಬೇಗ ನಿಮ್ಮ ಕಷ್ಟ ಕಡಿಮೆ ಮಾಡಿಕೊಳ್ಳಿ ಎಂದು ಛಾಯಾಜನರಿಗೆ ಅವರೇ ಒಂದು ಗುರಿ ಕೊಟ್ಟಿದ್ದರು. ಗುರಿ ಇದ್ದರೆ ಬೇಡಿಕೆಗಳು ಹೆಚ್ಚುತ್ತವೆ ಎಂದುಕೊಂಡಿದ್ದರು. ಆದರೆ ಮುನ್ನೂರು ಪರೀಕ್ಷೆಗಳಲ್ಲಿ ಬೆವರುವ, ಬೆದರುವ ಹುಡುಗರನ್ನು ಕಂಡ ಛಾಯಾಜನರು ಬೇರೆಯದೇ ಹಾದಿ ಹಿಡಿದಿದ್ದರು. ಬಂದವನನ್ನು ಮೊದಲು ಕೂರಿಸಿ ಸಮಾಧಾನ ಮಾಡಿದರೆ ಎಲ್ಲರಿಗೂ ನೀರು ಬೇಗ ಸಿಗುತ್ತದೆ ಎಂದು ಕಂಡುಕೊಂಡಿದ್ದರು.

"ಇಂಥಾದ್ದು ನಿಜವಾದ ಶಿಬಿರದಾಗ ಎಲ್ಲಿ ನಡೀತದ?" ಎಂದು ಅವರು ಅರೆ ನಗೆಯಲ್ಲಿ ಗೊಣಗಿದರು.

"ಯಾಕ ನಡೆಯೂದಿಲ್ಲರಿ?"

ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದವಳು ಸಂಸ್ಥೆಯ ಅಡುಗೆಮನೆಯ ನೀಲವ್ವ ಹೂಗಾರ. ಹೇಳಿಕೆ ಕೊಟ್ಟ ಹನ್ನೆರಡು ಜನರಲ್ಲಿ ಒಬ್ಬಳು. ಆ ಇಳಕಲ್ ಸೀರೆಯ ಛಾಯೆ ಅವಳದೇ ಅಚ್ಚು.

"ನಮ್ಮೂರಿಗೆ ಹೊಳಿ ಬಂದಾಗ ಹಿಂಗ ಓದಿದ ಹುಡುಗೂರು ಬಂದಿದ್ರು. ಒಂದು ಹುಡುಗಿ ಅಂತೂ ಗ್ವಾಡಿಗೆ ಆತು ಅಳಾಕ ಹತ್ತಿದ್ಲು. ಪಾಪ, ಯಾರು ಹೆತ್ತ ಮಗಳೋ. ಉಳಿದ ಹಿಟ್ಟಿನಾಗ ಮೊದಲ ಆಕಿಗೆ ರೊಟ್ಟಿ ಬಡಿದು ಕೊಟ್ಟೆ. ಉಂಡ ಮ್ಯಾಲೆ ಹತ್ತು ಮಂದಿ ಕೆಲಸ ಒಬ್ಬಾಕಿನ ಮಾಡಿದ್ಲು."

"ನಮ್ಮವರು ಬಂದು ಕೇಳಿದಾಗ ಇದನ್ಯಾಕ ಹೇಳಲಿಲ್ಲ ನೀಲವ್ವಾರ?" ಎಂದು ಗಲಗಲಿಯವರು ಕೇಳಿದರು.

"ಏನೇನು ಹೋತು ಅಂತ ಕೇಳಿದ್ರಿ, ಹೋದದ್ದು ಹೇಳಿದೆ. ಏನು ಮಾಡಿದ್ರಿ ಅಂತ ಯಾರು ಕೇಳಿದ್ರು?"

ಚಹಾ ಆರಿಹೋಯಿತು. ಆದರೂ ನಿಯಮ ನಿಯಮವೇ. ಆ ಸಂಜೆಯೇ ಛಾಯಾಜನರು ಕಲಿತದ್ದನ್ನೆಲ್ಲ ಅಳಿಸಿಹಾಕಲಾಯಿತು.

ಮರುದಿನ ಬೆಳಿಗ್ಗೆ ಮತ್ತೆ ಹೊಳೆ ನುಗ್ಗಿತು. ಈ ಸಲ ರೊಟ್ಟಿ ಚಾಚುವವರಿಲ್ಲ. "ನೀರು ಎಲ್ಲಿ? ಔಷಧ ಎಲ್ಲಿ?" ಎಂದು ಆರುನೂರು ಜನ ಅವನನ್ನು ಮುತ್ತಿಕೊಂಡರು. ಮುದುಕಿ ಮೂಲೆಯಲ್ಲಿ ಮೊಣಕಾಲಿಗೆ ತಲೆಯಿಟ್ಟು ಅಳುತ್ತಿದ್ದಳು. ಅವಳ ನೆನಪಿನಲ್ಲಿ ಹೋದದ್ದರ ಪಟ್ಟಿಯ ಹೊರತು ಬೇರೇನೂ ಇರಲಿಲ್ಲ. ಶ್ರೇಯಾಂಸನ ಕಾಲು ಬಾಗಿಲ ಕಡೆಗೆ ಎಳೆಯಿತು. ಒಂದು ಹೆಜ್ಜೆ ಹಿಂದೆ ಇಟ್ಟೂಬಿಟ್ಟ.

ಆಮೇಲೆ ಪಟ್ಟಿಯನ್ನು ಚೀಲಕ್ಕೆ ತುರುಕಿ, ಗುಂಪಿನ ನಡುವೆ ದಾರಿ ಮಾಡಿಕೊಂಡು ಹೋಗಿ ಅವಳ ಪಕ್ಕದಲ್ಲಿ ಕೆಸರಿನಲ್ಲೇ ಕುಕ್ಕರಗಾಲಲ್ಲಿ ಕೂತ.

"ಆಯಿ, ನಾ ಹೊಸಬ. ನನಗ ಅಂಜಿಕಿ ಆಗೇದ. ನಿಮ್ಮ ಮಂದಿ ನಿಮಗ ಗೊತ್ತು. ಮೊದಲ ಏನು ಮಾಡೋಣು, ನೀವ ಹೇಳ್ರಿ."

ಮುದುಕಿಯ ಅಳು ನಿಂತಿತು. ಇಂಥ ಪ್ರಶ್ನೆ ಆಪತ್ತುಶಾಲೆಯಲ್ಲಿ ಹಿಂದೆಂದೂ ಯಾರೂ ಕೇಳಿರಲಿಲ್ಲ. ಯಂತ್ರ ಎಷ್ಟು ಹೊತ್ತು ತಡಕಾಡಿತೆಂದರೆ, ಗಾಜಿನಾಚೆ ಕೂತಿದ್ದ ಗಲಗಲಿಯವರು ಅದು ನಿಂತೇಹೋಯಿತು ಎಂದು ಎದ್ದು ನಿಂತರು. ಆಗ ಮುದುಕಿ ಸೆರಗಿನಿಂದ ಮುಖ ಒರೆಸಿಕೊಂಡು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎದ್ದಳು.

"ಏ, ಸುಮ್ಮಕ ನಿಲ್ರಿ ಎಲ್ಲಾರೂ! ಕೈಗೂಸು ಇದ್ದಾಕಿ ಯಾರು, ಮೊದಲ ಮುಂದ ಬರ್ರಿ."

ಆಮೇಲಿನ ಕೆಲಸ ಸಲೀಸಾಗಿಯೇನೂ ನಡೆಯಲಿಲ್ಲ. ಜಗಳವಾಯಿತು, ಒಂದು ಡ್ರಮ್ಮು ನೀರು ಚೆಲ್ಲಿಹೋಯಿತು. ಆದರೂ ಹೊತ್ತು ಮುಗಿಯುವಷ್ಟರಲ್ಲಿ ಎಲ್ಲರ ಹೆಸರೂ ಪಟ್ಟಿಗೆ ಸೇರಿತ್ತು. ಅರವತ್ತೆಂಟು ಅಂಕ. ಪಾಸಾಗಲು ಅರವತ್ತು ಸಾಕು. ಶ್ರೇಯಾಂಸನಿಗೆ ನಿನ್ನೆಯ ತೊಂಬತ್ತಾರಕ್ಕಿಂತ ಈ ಅರವತ್ತೆಂಟೇ ಹೆಚ್ಚು ಅನಿಸಿತು. ಅವನು ಹೊರಗೆ ಬಂದು ಕಟ್ಟೆಯ ಮೇಲೆ ಕೂತು ಸುಮ್ಮನೆ ನಕ್ಕ.

ಮಧ್ಯಾಹ್ನ ಅಡುಗೆಮನೆಯಲ್ಲಿ ನೀಲವ್ವ ರೊಟ್ಟಿ ಬಡಿಯುತ್ತಿದ್ದಳು. ಎಂದೂ ಅತ್ತ ಸುಳಿಯದ ಗಲಗಲಿಯವರು ಹೊಸ ನೋಟುಪುಸ್ತಕ ಹಿಡಿದು ಒಳಗೆ ಬಂದರು. ಶ್ರೇಯಾಂಸ ಆಗಲೇ ತಟ್ಟೆಯ ಮುಂದೆ ಕೂತಿದ್ದ.

"ನೀಲವ್ವಾರ, ಹೊಳಿ ಬಂದ ದಿನ ನೀವು ಏನೇನು ಮಾಡಿದ್ರಿ, ಮೊದಲಿಂದ ಹೇಳ್ರಿ. ಬರಕೋತೀನಿ."

ನೀಲವ್ವ ಅವರ ಬಾಡಿದ ಮುಖವನ್ನೊಮ್ಮೆ ನೋಡಿದಳು. ಅವರ ಕೈಯಿಂದ ನೋಟುಪುಸ್ತಕ ತೆಗೆದು ಹಿಟ್ಟಿನ ಡಬ್ಬಿಯ ಮೇಲಿಟ್ಟಳು. ಒಂದು ತಟ್ಟೆಗೆ ಬಿಸಿ ರೊಟ್ಟಿ, ಶೇಂಗಾ ಚಟ್ನಿ ಹಾಕಿ ಅವರ ಮುಂದೆ ಸರಿಸಿದಳು.

"ಹೇಳ್ತೀನ್ರಿ. ಮೊದಲ ಉಣ್ರಿ."