ಕರೆಯದ ಹುಡುಗಿ

"ನಿನ್ನ ಮಗಳನ್ನ ಬಿಟ್ಟು ತರಗತೀಲಿ ಒಂಬತ್ತು ಹುಡುಗಿಯರು, ಎಂಟು ಕಾರ್ಡು," ಎಂದು ಹೆಡ್ ಮಿಸ್ ವಿಬೆಕೆ ಹುಟ್ಟುಹಬ್ಬದ ಕರೆಯೋಲೆಗಳ ಕಟ್ಟನ್ನು ಮೇಜಿನಾಚೆ ತಳ್ಳಿದಳು. "ಶಾಲೆಯೊಳಗೆ ಹಂಚೋ ಹಾಗಿಲ್ಲ, ಥೋರ್ಕಿಲ್. ಕರೆದ್ರೆ ಎಲ್ಲಾ ಹುಡುಗಿಯರನ್ನೂ ಕರೀಬೇಕು. ಅದು ನಿನಗೂ ಗೊತ್ತು."

ಥೋರ್ಕಿಲ್ ಕಾರ್ಡುಗಳನ್ನು ಮುಟ್ಟಲಿಲ್ಲ. ಬಂದರಿನಲ್ಲಿ ದೋಣಿಗಳ ಎಂಜಿನ್ ರಿಪೇರಿ ಮಾಡುವ ಆ ದಪ್ಪ ಕೈಗಳನ್ನು ಕಟ್ಟಿಕೊಂಡು ನಿಂತ. ಒಂದು ವರ್ಷದಿಂದ ಊರಿಗೆ ತಿಳಿಯದಂತೆ ಅವಳ ಕೆನ್ನೆ ಸವರುತ್ತಿದ್ದ ಕೈಗಳು ಅವು.

"ಮೆರ್ಲೆ ನನ್ನ ಮನೆ ಹೊಸಿಲು ತುಳಿಯೋದು ಬೇಡ."

"ಅವಳೇನು ಮಾಡಿದ್ಲು?"

"ಅವಳಪ್ಪ ಏನು ಮಾಡಿದ ಅಂತ ಊರಿಗೆಲ್ಲಾ ಗೊತ್ತು."

ಗೊತ್ತಿತ್ತು. ಮೆರ್ಲೆಯ ಅಪ್ಪ ಥೋರ್ಕಿಲ್‌ನ ಹೆಂಡತಿಯನ್ನು ಕರೆದುಕೊಂಡು ಆಲ್ಬೋರ್ ಪಟ್ಟಣ ಸೇರಿ ಎರಡು ವರ್ಷವಾಗಿತ್ತು. ಎರಡು ಮನೆಗಳಲ್ಲಿ ಒಂದೊಂದು ಹುಡುಗಿ ಉಳಿದಿದ್ದಳು, ಇಬ್ಬರೂ ಒಂದೇ ತರಗತಿ.

"ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ," ಎಂದಳು ವಿಬೆಕೆ.

"ಸರಿ. ಮನೆಮನೆಗೆ ಹೋಗಿ ಕಾರ್ಡು ಹಾಕ್ತೀನಿ. ಅಲ್ಲಿ ನಿನ್ನ ರೂಲ್ ನಡೆಯಲ್ಲ."

"ನಡೆಯಲ್ಲ. ಆದ್ರೆ ಭಾನುವಾರ ನಾನು ಬರಲ್ಲ."

ಅವನ ಮುಖ ಬಿಳಿಚಿಕೊಂಡಿತು. ಮಗಳು ಆಲ್ಮಾಳ ಹುಟ್ಟುಹಬ್ಬದ ದಿನವೇ ತಾಯಿಯ ಎದುರು, ಅಕ್ಕಂದಿರ ಎದುರು ವಿಬೆಕೆಯನ್ನು ತನ್ನವಳೆಂದು ಹೇಳುವುದೆಂದು ಇಬ್ಬರೂ ಮಾತಾಡಿಕೊಂಡಿದ್ದರು.

"ಹೆಡ್ ಮಿಸ್ಸಾಗಿ ಬರ್ಬೇಡ. ನನ್ನವಳಾಗಿ ಬಾ."

"ಇಬ್ಬರಿಗೂ ಇರೋದು ಒಂದೇ ತಲೆ," ಎಂದಳು ಅವಳು. "ಹೋದ ವರ್ಷ ಹೀಗೇ ಒಬ್ಬ ಹುಡುಗನನ್ನ ಬಿಟ್ಟ ತಾಯಿನ ಇದೇ ಕುರ್ಚಿಲಿ ಕೂರಿಸಿ ಬುದ್ಧಿ ಹೇಳಿದೀನಿ. ಈಗ ನಿನ್ನ ಮನೇಲಿ ಕೂತು ಕೇಕ್ ತಿನ್ನಲಾ?"

"ತಿನ್ನಬೇಡ. ನಿನ್ನ ನೀತೀನೇ ತಿನ್ಕೊಂಡಿರು."

ಬಾಗಿಲು ಬಡಿದ ರಭಸಕ್ಕೆ ಕಿಟಕಿಯ ಗಾಜು ನಡುಗಿತು.

ಆ ವಾರವೆಲ್ಲ ಅವರದು ಎಣ್ಣೆ ಸೀಗೇಕಾಯಿ. ಅಂಗಡಿಯಲ್ಲಿ ಇಬ್ಬರೂ ಒಂದೇ ರೈ ಬ್ರೆಡ್ಡಿಗೆ ಕೈ ಹಾಕಿದರು. ಅವನು ಕೈ ಹಿಂತೆಗೆದು, "ತಗೊಳ್ಳಿ ಹೆಡ್ ಮಿಸ್," ಎಂದ. ಈ ದೇಶದಲ್ಲಿ ಶಾಲೆಯ ಮಕ್ಕಳೂ ಅವಳನ್ನು ಹೆಸರು ಹಿಡಿದೇ ಕರೆಯುತ್ತಾರೆ. ಆ ಮರ್ಯಾದೆ ಕಪಾಳಕ್ಕೆ ಹೊಡೆದಂತಿತ್ತು. ಆದರೂ ಅವನ ಕಣ್ಣು ಅವಳ ಕೊರಳಿನ ಹತ್ತಿರ, ಜಾರಿದ ಸ್ಕಾರ್ಫಿನ ಮೇಲೆ, ಒಂದು ಕ್ಷಣ ಹೆಚ್ಚಾಗಿಯೇ ನಿಂತಿತು. ಅವಳು ಸ್ಕಾರ್ಫ್ ಸರಿಮಾಡಿಕೊಳ್ಳಲಿಲ್ಲ. ನೋಡಿ ಉರಿಯಲಿ ಎಂದುಕೊಂಡಳು.

ಭಾನುವಾರ ಮಧ್ಯಾಹ್ನ ನೀಲಿ ಉಡುಪನ್ನು ಬೀರುವಿನಿಂದ ತೆಗೆದಳು, ಮತ್ತೆ ಒಳಗಿಟ್ಟಳು. ಹೋಗಬೇಕೆಂದು ಅವಳಿಗೆ ತುಂಬಾ ಆಸೆಯಿತ್ತು. ಇಂದು ಹೋಗದಿದ್ದರೆ ಅವನು ಇನ್ನೆಂದೂ ಕರೆಯಲಾರ ಎನ್ನುವುದೂ ತಿಳಿದಿತ್ತು. ಹಳೆಯ ಪ್ಯಾಂಟು ತೊಟ್ಟು ಕಿಟಕಿಗೆ ಬಣ್ಣ ಬಳಿಯುತ್ತ, ಮೂಗೊರೆಸಿಕೊಳ್ಳುತ್ತ ಅತ್ತಳು.

ಗೇಟು ಕಿರುಗುಟ್ಟಿತು. ಥೋರ್ಕಿಲ್ ನಿಂತಿದ್ದ, ಹುಬ್ಬಿನ ಮೇಲೆ ಸಕ್ಕರೆ ಪುಡಿ, ಕಣ್ಣಲ್ಲಿ ಕೆಂಡ.

"ಬಂದಿದಾಳೆ ಆ ಹುಡುಗಿ," ಎಂದ. "ನಾನೇ ಹೋಗಿ ಕರೆದೆ. ಅವಳಮ್ಮ ಮುಖಕ್ಕೆ ಬಾಗಿಲು ಹಾಕಿದ್ಲು. ಮತ್ತೆ ಬೆಲ್ ಒತ್ತಿದೆ. ಸಮಾಧಾನ ಆಯ್ತಾ?"

"ಯಾಕೆ ಕರೆದೆ?"

"ವಿಬೆಕೆ ಯಾಕೆ ಬರಲ್ಲ ಅಂತ ಆಲ್ಮಾ ಕೇಳಿದ್ಲು. ಹೇಳೋಕೆ ಬಾಯಿ ತೆಗೆದೆ. ಮಗಳಿಗೆ ಹೇಳೋಕಾಗದಂಥ ಕಾರಣ ಇಟ್ಕೊಂಡಿದೀನಿ ಅಂತ ಆಗ ಗೊತ್ತಾಯ್ತು." ಅವನು ನೆಲ ನೋಡಿದ. "ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ."

"ಇಳೀಬೇಕು ಅಂತ ನಾನು ಕೇಳಿದ್ನಾ?"

"ಮೆರ್ಲೆಗೆ ಅವಳಪ್ಪನದೇ ಮೂಗು. ನೋಡಿದ್ರೆ ಮೈ ಉರಿಯುತ್ತೆ. ನನಗೆ ನಗೋಕೆ ಬರಲ್ಲ."

"ನಗೋದು ನಾನು ನೋಡ್ಕೋತೀನಿ. ನೀನು ಕೇಕ್ ಕೊಡು, ಸಾಕು."

ಬಣ್ಣದ ಕೈಯಲ್ಲೇ ಹೊರಟಳು. ದಾರಿಯುದ್ದಕ್ಕೂ ಗಾಳಿ ಎದುರಿನಿಂದ ಬೀಸುತ್ತಿತ್ತು.

ಮೇಜಿನ ಮೇಲೆ ಹುಡುಗಿಯ ಆಕಾರದ ದೊಡ್ಡ ಕೇಕ್ ಮಲಗಿತ್ತು. ಆಲ್ಮಾ ಚಾಕು ಹಿಡಿದಳು. ಕೇಕಿನ ಕತ್ತು ಕೊಯ್ಯುವಾಗ ಮಕ್ಕಳೆಲ್ಲ ಗಂಟಲು ಹರಿಯುವಂತೆ ಕಿರುಚಬೇಕು, ಅದು ಪದ್ಧತಿ. ಎಂಟು ಹುಡುಗಿಯರು ಕಿರುಚಿದರು. ಮೂಲೆಯಲ್ಲಿದ್ದ ಮೆರ್ಲೆ ಬಾಯಿ ತೆರೆದು, ಥೋರ್ಕಿಲ್‌ನ ಮುಖ ನೋಡಿ, ಮುಚ್ಚಿಕೊಂಡಳು.

ಅವನ ತಾಯಿ ನೋಡುತ್ತಿದ್ದಳು, ಅಕ್ಕಂದಿರೂ ನೋಡುತ್ತಿದ್ದರು.

"ಕಿರುಚು ಮಗು," ಎಂದ ಥೋರ್ಕಿಲ್. ಧ್ವನಿ ಒರಟಾಗಿಯೇ ಇತ್ತು. "ಈ ಮನೇಲಿ ಎಲ್ಲರೂ ಕಿರುಚ್ತಾರೆ."

ಮೆರ್ಲೆ ಕಿರುಚಿದಳು. ಎರಡು ವರ್ಷದ್ದನ್ನೆಲ್ಲ ಒಟ್ಟಿಗೇ ಕಿರುಚಿದಳು. ಕೊನೆಗೆ ಆಲ್ಮಾ ಕೇಕಿನ ತಲೆಯನ್ನೇ ಎತ್ತಿ ಅವಳ ತಟ್ಟೆಗೆ ಹಾಕಿದಳು.

"ಶಾಲೆಯ ಹೆಡ್ ಮಿಸ್ಸಿಗೂ ನಮ್ಮನೆ ಹುಟ್ಟುಹಬ್ಬಕ್ಕೂ ಏನಪ್ಪಾ ಸಂಬಂಧ?" ಎಂದು ಅವನ ತಾಯಿ ವಿಬೆಕೆಯ ಬಣ್ಣ ಮೆತ್ತಿದ ಪ್ಯಾಂಟನ್ನು ಮೇಲಿಂದ ಕೆಳಗೆ ನೋಡಿದಳು.

ಥೋರ್ಕಿಲ್ ವಿಬೆಕೆಯತ್ತ ತಿರುಗಿದ. ಹುಬ್ಬು ಗಂಟಿಕ್ಕಿಕೊಂಡೇ ಇತ್ತು.

"ಇವಳ ಹತ್ರ ಒಂದು ವಾರದಿಂದ ಮಾತು ಬಿಟ್ಟಿದ್ದೆ ಅಮ್ಮಾ," ಎಂದ. "ಬದುಕೋಕೆ ಆಗ್ಲಿಲ್ಲ."