ದೋಣಿಯ ಮೂತಿಯಲ್ಲಿ ಹೊಲಿಗೆ ಮಷೀನು

"ಚಂದ್ರನಿಗೆ ಹೋಗ್ತಿದ್ದೀಯೋ, ನೋಕೊ ಮನೆಗೋ?" ಎಂದು ವೆಂಡೆಲ್ ಮಾಮ ಕೇಳಿದ.

ರೇಲೀನ್ ದೋಣಿಯ ಹಿಂದಿನ ಸೀಟಿನಲ್ಲಿ ಕೂತಿದ್ದಳು. ಅಜ್ಜಿಯ ಹೊಲಿಗೆ ಮಷೀನು ಅವಳ ಕಾಲ ಬಳಿ ಇತ್ತು. ಮೈದಾ ಚೀಲ, ಆಲೂಗಡ್ಡೆ ಚೀಲ, ಟೀ ಡಬ್ಬಿ ಎಲ್ಲವೂ ಅವಳ ಸುತ್ತಲೇ ಒತ್ತಿಕೊಂಡಿದ್ದವು. ದೋಣಿಯ ಮುಂದಿನ ತುದಿ ನೀರು ಬಿಟ್ಟು ಮೇಲೆದ್ದು ಆಕಾಶ ನೋಡುತ್ತಿತ್ತು.

"ಮೊದಲೇ ಹೇಳಿದ್ರೆ ದಾರಿಗೆ ರೊಟ್ಟಿ ಕಟ್ಟಿಕೊಡ್ತಿದ್ದೆ. ಚಂದ್ರ ಸ್ವಲ್ಪ ದೂರ."

ಮಾಮನ ಬಲಗೈ ಕೊರಳಿಗೆ ಕಟ್ಟಿದ ಬಟ್ಟೆಯಲ್ಲಿ ತೂಗಾಡುತ್ತಿತ್ತು. ಹೋದ ವಾರ ಟಿವಿಯಲ್ಲಿ ಹಾಕಿ ಮ್ಯಾಚು ಸರಿಯಾಗಿ ಕಾಣಲಿ ಎಂದು ಡಿಶ್ ತಿರುಗಿಸಲು ಮನೆಯ ಮಾಡು ಹತ್ತಿದ್ದ. ಮ್ಯಾಚಿನ ಬದಲು ಅಂಗಳವನ್ನು ಬಹಳ ಹತ್ತಿರದಿಂದ ನೋಡಿದ. ಅಂದಿನಿಂದ ಆ ಕೈಯ ಕೆಲಸವನ್ನೂ ಅವನ ನಾಲಿಗೆಯೇ ಮಾಡುತ್ತಿತ್ತು.

ಅವನ ಮೋಟಾರ್ ಬೋಟು ಕೂಡ ಕೆಟ್ಟು ದಡದಲ್ಲಿ ಟಾರ್ಪಾಲು ಹೊದ್ದು ಮಲಗಿತ್ತು. ಅದಕ್ಕೆ ಬೇಕಾದ ಪಾರ್ಟು ನಾಳೆ ಬರುತ್ತದೆ ಎಂದು ಮಾಮ ದಿನಾ ಹೇಳುತ್ತಿದ್ದ. ನಾಳೆಗೂ ಬೋಟಿಗೂ ಏನೋ ಜಗಳವಿರಬೇಕು.

ಅಜ್ಜಿಯ ಮನೆ ಇದ್ದದ್ದು ವಾಬೋಸ್ ಸರೋವರದ ಆಚೆ ದಡದಲ್ಲಿ. ಅಲ್ಲಿಗೆ ರಸ್ತೆ ಇರಲಿಲ್ಲ. ಮನೆಯವರೆಲ್ಲ ಅವಳನ್ನು ನೋಕೊ ಎಂದೇ ಕರೆಯುತ್ತಿದ್ದರು. ಶನಿವಾರದ ಪವ್‌ವಾವ್ ಹಬ್ಬದ ಕುಣಿತಕ್ಕೆ ಮೂವರು ಹುಡುಗಿಯರ ರಿಬ್ಬನ್ ಲಂಗ ಹೊಲಿಯುವುದಾಗಿ ಅವಳು ಮಾತು ಕೊಟ್ಟಿದ್ದಳು. ಆದರೆ ಮಷೀನು ಪಟ್ಟಣಕ್ಕೆ ರಿಪೇರಿಗೆ ಹೋಗಿ, ತಿರುಗಿ ಬಂದು, ಈಚೆ ದಡದಲ್ಲೇ ಸಿಕ್ಕಿಹಾಕಿಕೊಂಡಿತ್ತು. ಬೆಳಿಗ್ಗೆ ವೈರ್‌ಲೆಸ್ ರೇಡಿಯೋದಲ್ಲಿ ಅಜ್ಜಿಯ ದನಿ ಬಂದಿತ್ತು: "ಕೈಯಲ್ಲೇ ಹೊಲಿತಾ ಇದ್ದೀನಿ. ನಿಮಗೇನೂ ಅವಸರ ಬೇಡ. ಹುಡುಗೀರು ಮುದುಕೀರಾದ ಮೇಲೆ ಉಟ್ಕೊಳ್ಳಲಿ."

ಆಗಲೇ ರೇಲೀನ್, ತಾನೊಬ್ಬಳೇ ಚಿಕ್ಕ ದೋಣಿಯಲ್ಲಿ ತೆಗೆದುಕೊಂಡು ಹೋಗುತ್ತೇನೆ ಎಂದದ್ದು. ಅವಳು ಮಾಮನ ಜೊತೆ ಈ ನೀರಿನಲ್ಲಿ ಎಷ್ಟೋ ಸಲ ಹುಟ್ಟು ಹಾಕಿದ್ದಳು. ಆದರೆ ಯಾವಾಗಲೂ ಮುಂದಿನ ಸೀಟು. ದೋಣಿ ನಡೆಸುವುದು ಹಿಂದೆ ಕೂತ ಮಾಮ.

ನೀನೂ ಬಾ ಎಂದರೆ ಮಾಮ ಆಗದು ಎಂದು ತಲೆಯಾಡಿಸಿದ. ಅವನು ಎಂಥ ಆಳು ಎಂದರೆ, ಟ್ರಕ್ಕಿನಲ್ಲಿ ಅವನು ಕೂತ ಕಡೆ ಟ್ರಕ್ಕೇ ವಾಲುತ್ತಿತ್ತು. "ಇಷ್ಟು ಸಾಮಾನಿನ ಜೊತೆ ನಾನೂ ಕೂತ್ರೆ ಮೀನುಗಳಿಗೆ ಒಂದು ಮಷೀನೂ ಸಿಗುತ್ತೆ, ಒಬ್ಬ ದರ್ಜಿನೂ ಸಿಗ್ತಾನೆ," ಎಂದ.

ಕೊನೆಗೆ ರೇಡಿಯೋದಲ್ಲಿ ಅಜ್ಜಿಯನ್ನೇ ಕೇಳಿದರು. ರೇಡಿಯೋ ಸ್ವಲ್ಪ ಹೊತ್ತು ಬರೀ ಗೊರಗೊರ ಅಂದಿತು. ಆಮೇಲೆ ಅಜ್ಜಿ, "ಬರ್ಲಿ. ಆದ್ರೆ ಅದು ನನ್ನಮ್ಮನ ಮಷೀನು. ಮುಳುಗಿಸಿದ್ರೆ ಅವಳ ಹತ್ರ ನೀನೇ ಮಾತಾಡ್ಕೋ," ಎಂದಳು. ಅಜ್ಜಿಯ ಅಮ್ಮ ತೀರಿಕೊಂಡು ಬಹಳ ಕಾಲವಾಗಿತ್ತು. ಮಾತಾಡುವುದು ಅಷ್ಟು ಸುಲಭವಿರಲಿಲ್ಲ.

"ಇಳಿ ಕೆಳಗೆ, ಕ್ಯಾಪ್ಟನ್," ಎಂದ ಮಾಮ ಈಗ.

ಅವಳು ಇಳಿದಳು. ಮಾಮ ಎಡಗೈಯಲ್ಲಿ ತೋರಿಸುತ್ತಾ ಹೋದ, ಅವಳು ಸಾಮಾನು ಎತ್ತಿಡುತ್ತಾ ಹೋದಳು. ಇಬ್ಬರು ಕೂತರೆ ಮುಂದೆ ಒಬ್ಬರ ತೂಕ ಇರುತ್ತದೆ. ಒಬ್ಬಳೇ ಹೋಗುವಾಗ ಆ ತೂಕ ಸಾಮಾನಿನದೇ ಆಗಬೇಕು. ಅವಳು ಹಿಂದಿನ ಸೀಟು ಬಿಟ್ಟು, ದೋಣಿಯ ನಡುವಿಗಿಂತ ಕೊಂಚ ಹಿಂದೆ ಮೊಣಕಾಲೂರಬೇಕು. ಮಷೀನಿನ ಪೆಟ್ಟಿಗೆ ಮುಂದೆ, ತಳಕ್ಕೆ ಅಂಟಿದಂತೆ, ಆ ಕಡೆಯೂ ಅಲ್ಲ ಈ ಕಡೆಯೂ ಅಲ್ಲ, ಸರಿಯಾಗಿ ಮಧ್ಯದಲ್ಲಿ. ಅದು ಜಾರದ ಹಾಗೆ ಒಂದು ಪಕ್ಕ ಆಲೂಗಡ್ಡೆ, ಇನ್ನೊಂದು ಪಕ್ಕ ಮಡಿಸಿದ ಕಂಬಳಿ. ಮೈದಾ ಅವಳ ಬೆನ್ನ ಹಿಂದೆ. ಕೊನೆಗೆ ಪೆಟ್ಟಿಗೆಯನ್ನು ಹಗ್ಗದಿಂದ ಅಡ್ಡಪಟ್ಟಿಗೆ ಬಿಗಿದದ್ದಾಯಿತು.

ಅವಳು ಹತ್ತಿ ಕೂತಾಗ ದೋಣಿ ನೀರಿನ ಮೇಲೆ ಮಟ್ಟವಾಗಿ ನಿಂತಿತು.

"ಈಗ ದೋಣಿ ಥರ ಕಾಣ್ತಿದೆ," ಎಂದ ಮಾಮ. "ಆಗ ನೀರು ಕುಡಿದು ಕತ್ತೆತ್ತಿದ ಕೋಳಿ ಥರ ಇತ್ತು."

ರೇಲೀನ್ ಹೊರಟಳು. ದಡದ ಪಕ್ಕದಲ್ಲೇ ಹೋಗು, ಬಂಡೆಯ ಮೂಲೆ ದಾಟಿದ ಮೇಲೆ ನೀರು ಕಿರಿದಾಗುವ ಕಡೆ ಆಚೆ ದಡಕ್ಕೆ ಹಾಯ್ದು ಹೋಗು ಎಂದು ಮಾಮ ಹಿಂದಿನಿಂದ ಹೇಳುತ್ತಲೇ ಇದ್ದ. ದೋಣಿ ಹೇಳಿದ ಹಾಗೆ ಕೇಳಿತು. ಅವಳು ಅಂದುಕೊಂಡದ್ದಕ್ಕಿಂತ ಸುಲಭವಾಗಿತ್ತು.

ಕಷ್ಟವಾದದ್ದು ಪೆಟ್ಟಿಗೆಯನ್ನು ನೋಡುವುದು. ಅದು ಅಷ್ಟು ಮುಂದೆ ಇತ್ತು. ಕೈ ಚಾಚಿದರೂ ಎಟುಕುತ್ತಿರಲಿಲ್ಲ. ಸಣ್ಣ ಅಲೆ ಬಡಿದರೂ ಅದರ ಮೇಲಿನ ಪ್ಲಾಸ್ಟಿಕ್ ಹಾಳೆ ಅಲುಗುತ್ತಿತ್ತು. ಹಗ್ಗದ ಗಂಟು ಸಡಿಲವಾಯಿತೇ? ಅವಳು ನೀರು ನೋಡುವುದನ್ನು ಬಿಟ್ಟು ಗಂಟು ನೋಡತೊಡಗಿದಳು.

ಬಂಡೆಯ ಮೂಲೆ ದಾಟಿದ ಕೂಡಲೇ ಪೈನ್ ಮರಗಳು ಮಾಮನನ್ನು ಮರೆಮಾಡಿದವು. ಅವಳಿಗೆ ಬೇಕಾಗಿದ್ದದ್ದೂ ಅದೇ. ಚಪ್ಪಟೆ ಕಲ್ಲೊಂದರ ಪಕ್ಕ ದೋಣಿ ನಿಲ್ಲಿಸಿ, ಹಗ್ಗ ಬಿಚ್ಚಿ, ಪೆಟ್ಟಿಗೆಯನ್ನು ಎಳೆದುಕೊಂಡು ಬಂದು ತನ್ನ ಮೊಣಕಾಲಿಗೆ ತಾಗಿಸಿ ಇಟ್ಟಳು. ಕೈಗೆ ಸಿಗುವ ಹಾಗಿದ್ದ ಮೇಲೆ ಹಗ್ಗ ಯಾಕೆ? ಕಟ್ಟಲಿಲ್ಲ.

ಈಗ ಅವಳಿಗೆ ಸಮಾಧಾನವಾಯಿತು. ದೋಣಿಗೆ ಮಾತ್ರ ಆಗಲಿಲ್ಲ.

ಬಯಲು ನೀರಿಗೆ ಬಂದಾಗ ಎದುರಿನಿಂದ ಗಾಳಿ ಬೀಸಿತು. ಹಗುರವಾದ ಮೂತಿ ಮತ್ತೆ ಮೇಲೆದ್ದಿತ್ತು. ಗಾಳಿ ಅದನ್ನು ಹಿಡಿದು ಎಡಕ್ಕೆ ತಳ್ಳಿತು. ಅವಳು ಎಳೆದು ಸರಿಮಾಡಿದಳು. ಗಾಳಿ ಬಲಕ್ಕೆ ತಳ್ಳಿತು. ಅವಳು ಶಕ್ತಿಯೆಲ್ಲ ಹಾಕಿ ಹುಟ್ಟು ಎಳೆದಳು. ದೋಣಿ ನಿಧಾನವಾಗಿ, ಬಹಳ ಮರ್ಯಾದೆಯಿಂದ, ಪೂರ್ತಿ ಹಿಂದಕ್ಕೆ ತಿರುಗಿ ಮನೆಯ ಕಡೆ ಮುಖ ಮಾಡಿ ನಿಂತಿತು.

ಮತ್ತೆ ತಿರುಗಿಸಲು ಹೋದಾಗ ಅಲೆ ಪಕ್ಕಕ್ಕೆ ಬಡಿಯಿತು. ಪೆಟ್ಟಿಗೆ ಜಾರಿ ದೋಣಿಯ ಒಂದು ಬದಿಗೆ ಹೋಯಿತು. ದೋಣಿಯೂ ಅದರ ಹಿಂದೆಯೇ ವಾಲಿತು. ರೇಲೀನ್ ಹುಟ್ಟು ಬಿಟ್ಟು ಎರಡೂ ಕೈಯಲ್ಲಿ ಪೆಟ್ಟಿಗೆಯನ್ನು ತಬ್ಬಿದಳು. ಅವಳ ಭಾರವೂ ಅದೇ ಕಡೆ ಬಿತ್ತು. ಅಂಚಿನ ಮೇಲಿಂದ ತಣ್ಣನೆಯ ನೀರು ಒಳಗೆ ಸುರಿಯಿತು.

ಅವಳ ಮೈಮೇಲೆ ಲೈಫ್ ಜಾಕೆಟ್ ಇತ್ತು. ನೀರಿಗೆ ಬಿದ್ದರೂ ಅವಳು ತೇಲುತ್ತಿದ್ದಳು. ಮಷೀನಿಗೆ ಲೈಫ್ ಜಾಕೆಟ್ ಇರಲಿಲ್ಲ.

ಇನ್ನೊಂದು ಅಲೆ ಬರುತ್ತಿತ್ತು. ಪೆಟ್ಟಿಗೆ ಹಿಡಿದುಕೊಂಡೇ ಇದ್ದರೆ ಇಬ್ಬರೂ ನೀರಿಗೆ. ಅದು ಅವಳಿಗೆ ಸ್ಪಷ್ಟವಾಗಿ ಗೊತ್ತಾಯಿತು. ಆದರೂ ಕೈ ಬಿಡಲು ಒಪ್ಪಲಿಲ್ಲ. ಹೇಗೋ ಬೆರಳುಗಳನ್ನು ಬಿಡಿಸಿಕೊಂಡಳು. ಮೈಯನ್ನು ಆಚೆ ಬದಿಗೆ ವಾಲಿಸಿ, ಕಾಲ ಮೇಲೆ ಬಿದ್ದಿದ್ದ ಹುಟ್ಟು ಎತ್ತಿಕೊಂಡು, ಗಾಳಿಯ ಜೊತೆಯಲ್ಲೇ ಹೋಗಿ ದಡದ ಜೊಂಡಿನೊಳಗೆ ದೋಣಿಯನ್ನು ನುಗ್ಗಿಸಿದಳು.

ಅಲ್ಲಿ ಸ್ವಲ್ಪ ಹೊತ್ತು ಅತ್ತಳು. ದೂರದಲ್ಲಿ ಲೂನ್ ಹಕ್ಕಿಯೊಂದು ಕಿಲಕಿಲನೆ ನಕ್ಕಂತೆ ಕೂಗಿತು. ಅದಕ್ಕೂ ವೆಂಡೆಲ್ ಮಾಮನ ಪರಿಚಯ ಇರಬೇಕು.

ಕಣ್ಣು ಒರೆಸಿಕೊಂಡು ನೀರಿಗಿಳಿದಳು. ಮೊಣಕಾಲಿನವರೆಗೆ ನೀರು. ಸಾಮಾನೆಲ್ಲ ದಡಕ್ಕೆ ಹೊತ್ತು, ಒಳಗಿನ ನೀರನ್ನು ಮಗ್ಗಿನಿಂದ ಎತ್ತಿ ಚೆಲ್ಲಿದಳು. ಪೆಟ್ಟಿಗೆಯ ಒಂದು ಮೂಲೆ ಒದ್ದೆಯಾಗಿತ್ತು. ಮುಚ್ಚಳ ತೆಗೆದಳು. ಮಷೀನು ಒಣಗಿಯೇ ಇತ್ತು, ಏನೂ ಆಗದವರ ಹಾಗೆ ಕೂತಿತ್ತು.

ಮತ್ತೆ ಪೆಟ್ಟಿಗೆಯನ್ನು ಮುಂದೆ ಇಟ್ಟಳು. ಮಧ್ಯಕ್ಕೆ ತಂದಳು. ಬಿಗಿಯಾಗಿ ಕಟ್ಟಿದಳು. ಹತ್ತಿ ಕೂತು ನೋಡಿದಳು. ಗಾಳಿ ಎದುರಿಗಿತ್ತು, ಮೂತಿ ಇನ್ನೂ ಸ್ವಲ್ಪ ಭಾರವಿದ್ದರೆ ವಾಸಿ ಅನಿಸಿತು. ಇದನ್ನು ಮಾಮ ಹೇಳಿರಲಿಲ್ಲ. ಬೆನ್ನ ಹಿಂದಿದ್ದ ಮೈದಾ ಚೀಲವನ್ನೂ ಮುಂದಕ್ಕೆ ದಾಟಿಸಿದಳು.

ಈ ಸಲ ಗಾಳಿ ತಳ್ಳಿದರೂ ದೋಣಿ ತಿರುಗಲಿಲ್ಲ. ರೇಲೀನ್ ಗಂಟು ನೋಡಲಿಲ್ಲ. ಆಚೆ ದಡದಲ್ಲಿ ಅಜ್ಜಿಯ ಮನೆಯ ಹೊಗೆ ಕಾಣುತ್ತಿತ್ತು, ಅದನ್ನೇ ನೋಡುತ್ತಾ ಹುಟ್ಟು ಹಾಕಿದಳು. ತೋಳು ನೋಯುತ್ತಿತ್ತು. ಶೂ ಒಳಗೆ ನೀರು ಪಚಪಚ ಅನ್ನುತ್ತಿತ್ತು.

ಅಜ್ಜಿ ದೋಣಿ ನಿಲ್ಲಿಸುವ ಕಟ್ಟೆಯ ಹಲಗೆಯ ಮೇಲೆ ನಿಂತಿದ್ದಳು.

"ಬಂದ್ಯಾ," ಎಂದಳು. "ಅವಸರ ಯಾಕೆ ಮಾಡಿದೆ? ನಾನು ಒಂದು ಲಂಗ ಮುಗಿಸೇಬಿಟ್ಟಿದ್ದೆ."

ಯಾರೇ ಬಂದರೂ ಬಗ್ಗಿ ಹಗ್ಗ ಹಿಡಿಯುವ ಅಜ್ಜಿ ಈಗ ಬಗ್ಗಲಿಲ್ಲ. ರೇಲೀನ್ ತಾನೇ ದೋಣಿಯನ್ನು ಹಲಗೆಗೆ ತಾಗಿಸಿದಳು, ತಾನೇ ಕಟ್ಟಿದಳು, ಪೆಟ್ಟಿಗೆಯನ್ನೂ ತಾನೇ ಎತ್ತಿ ಮೇಲಿಟ್ಟಳು.

"ಶೂ ಯಾಕೆ ಒದ್ದೆ?"

"ಮೀನು ಹಿಡಿಯೋಕೆ ಇಳಿದಿದ್ದೆ."

"ಸಿಕ್ತಾ?"

"ಇಲ್ಲ ನೋಕೊ. ಮಷೀನು ಹಾಕಿದ್ರೆ ಸಿಗ್ತಿತ್ತೇನೋ. ಹಾಕ್ಲಿಲ್ಲ."

ಅಜ್ಜಿಯ ಬಾಯಿಯ ಒಂದು ಮೂಲೆ ಮಾತ್ರ ನಕ್ಕಿತು.

ಆಗ ರೇಲೀನ್ ಅವಳನ್ನು ಸರಿಯಾಗಿ ನೋಡಿದಳು. ಅಜ್ಜಿ ಸ್ವೆಟರಿನ ಮೇಲೆ ಬಣ್ಣ ಮಾಸಿದ ಲೈಫ್ ಜಾಕೆಟ್ ಹಾಕಿಕೊಂಡಿದ್ದಳು. ಬಕಲ್‌ಗಳೆಲ್ಲ ಬಿಗಿಯಾಗಿದ್ದವು. ಕಟ್ಟೆಯ ಪಕ್ಕದಲ್ಲಿ ಅವಳ ಹಳೆಯ ದೋಣಿ ಅರ್ಧ ನೀರಿನಲ್ಲಿತ್ತು, ಒಳಗೆ ಹುಟ್ಟು. ಮೊಣಕಾಲು ನೋವು ಶುರುವಾದ ಮೇಲೆ ಅಜ್ಜಿ ಆ ದೋಣಿಯನ್ನು ಮುಟ್ಟಿರಲಿಲ್ಲ. ಅದು ಕವುಚಿಕೊಂಡಿದ್ದ ಜಾಗದಿಂದ ನೀರಿನವರೆಗೆ ಹುಲ್ಲು ಈಗಷ್ಟೇ ಮಲಗಿತ್ತು.

ರೇಲೀನ್ ತಿರುಗಿ ಸರೋವರದ ಕಡೆ ನೋಡಿದಳು. ಬಂಡೆಯ ಮೂಲೆ, ಬಯಲು ನೀರು, ಜೊಂಡು. ಇಲ್ಲಿಂದ ಎಲ್ಲವೂ ಅಂಗೈಯಲ್ಲಿಟ್ಟು ತೋರಿಸಿದ ಹಾಗೆ ಕಾಣುತ್ತಿತ್ತು.

"ಏನು ನೋಡ್ತಿದ್ದೀಯ? ಚಳಿಯಾಯ್ತು, ಹಾಕ್ಕೊಂಡೆ," ಎಂದಳು ಅಜ್ಜಿ. ಹಲಗೆ ಬಿಸಿಲಿಗೆ ಸುಡುತ್ತಿತ್ತು.

"ಹೌದು ನೋಕೊ," ಎಂದಳು ರೇಲೀನ್. "ಭಾರಿ ಚಳಿ."

ಅವಳು ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಅಜ್ಜಿಯ ದೋಣಿಯ ಹತ್ತಿರ ಹೋದಳು. ಅದನ್ನು ದಡಕ್ಕೆಳೆದು, ಹುಟ್ಟು ತೆಗೆದಿಟ್ಟು, ಮೊದಲಿದ್ದ ಜಾಗದಲ್ಲೇ ಕವುಚಿ ಹಾಕಿದಳು. ಬೆನ್ನ ಹಿಂದೆ ಬಕಲ್ ಬಿಚ್ಚುವ ಸದ್ದು ಕೇಳಿತು. ಒಂದು. ಸ್ವಲ್ಪ ತಡೆದು ಇನ್ನೊಂದು. ಮೂರನೆಯದು ಬೇಗ ಬಿಚ್ಚಿಕೊಳ್ಳಲಿಲ್ಲ.

ಆ ಸದ್ದು ಬರುವ ತನಕ ರೇಲೀನ್ ತಿರುಗಿ ನೋಡಲಿಲ್ಲ.